ಎಡೆಗಿಟ್ಟ ವಿಮಾನ

ಸೋಲೂರಿನಿಂದ ಒಳಕ್ಕೆ ಹೋದರೆ ಸಿಗುವ ನಮ್ಮೂರಿನ ಮನೆಯಲ್ಲಿ, ನಡುಮನೆಯ ಎಡಕ್ಕೆ ಒಂದು ಕೋಣೆಯಿತ್ತು. ರಾಗಿ ಕೋಣೆ ಎಂದು ಅದರ ಹೆಸರು. ಒಂದು ಗೋಡೆಗೆ ರಾಗಿ ಮೂಟೆಗಳು, ಎದುರು ಗೋಡೆಗೆ ಸುಲಿಯದ ತೆಂಗಿನಕಾಯಿಗಳ ರಾಶಿ, ಮೂಲೆಯಲ್ಲಿ ಹಸುಗಳ ಬೂಸದ ಚೀಲ. ಕಿಟಕಿ ಅನ್ನಬಹುದಾದದ್ದು ಸೂರಿನ ಹತ್ತಿರವಿದ್ದ ಒಂದು ಗವಾಕ್ಷಿ ಮಾತ್ರ. ಹಾಡಹಗಲಲ್ಲೂ ಒಳಗೆ ಮುಸ್ಸಂಜೆಯೇ. ಮನೆಯ ಹಿರಿಯರು, ಅಂದರೆ ಸತ್ತುಹೋದವರು, ಆ ಕೋಣೆಯಲ್ಲಿ ಇರುತ್ತಾರೆ ಎಂಬುದು ನಮ್ಮ ಅಜ್ಜಿಯ ನಂಬಿಕೆ. ಅಜ್ಜಿ ಅಂದರೆ ಅಪ್ಪನ ತಾಯಿ. ಮನೆಯ ಬೀಗದ ಕೈ, ಹಸುವಿನ ಹಗ್ಗ, ನಮ್ಮೆಲ್ಲರ ಕಿವಿ ಎಲ್ಲವೂ ಆಕೆಯ ಕೈಯಲ್ಲೇ ಇರುತ್ತಿದ್ದವು. ರಾಗಿ ಅಳೆಯಲು ಹೋಗುವಾಗಲೂ ಬಾಗಿಲ ಮುಂದೆ ನಿಂತು ಒಮ್ಮೆ ಕೆಮ್ಮಿ, ಆಮೇಲೆ ಒಳಗೆ ಕಾಲಿಡುತ್ತಿದ್ದಳು. ನಾನು ಕೆಮ್ಮದೆ ನುಗ್ಗಿದರೆ ನೆತ್ತಿಯ ಮೇಲೆ ಮೊಟಕುತ್ತಿದ್ದಳು.

“ಅವರೂ ಮನುಸ್ರಲ್ವೇನೇ? ಹೆಂಗ್ ಕುಂತಿರ್ತರೋ ಏನೋ. ಒಸಿ ಸುಳಿವು ಕೊಟ್ಟು ಹೋಗ್ಬೇಕು.”

ಹೀಗೆ ಹೇಳಿಸಿಕೊಂಡ ಮೇಲೆ ಆ ಕತ್ತಲಲ್ಲಿ ಒಬ್ಬಳೇ ಹೋಗಿ ತೆಂಗಿನಕಾಯಿ ತರುವುದು ಹೇಗಿರುತ್ತದೆ ಎಂದು ನೀವೇ ಯೋಚನೆ ಮಾಡಿ. ಸತ್ತವರು ಇದ್ದಾರೆ ಅನ್ನುವುದಕ್ಕಿಂತ, ಅವರು ಹೇಗೋ ಏನೋ ಕುಳಿತಿರುತ್ತಾರೆ ಅನ್ನುವುದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಆದರೆ ಅದೇ ಕೋಣೆಯಲ್ಲಿ ಬದುಕಿದ್ದವನೊಬ್ಬ ದಿನಾ ಆರಾಮಾಗಿ ಮಲಗಿ ಗೊರಕೆ ಹೊಡೆಯುತ್ತಿದ್ದ. ಅವನು ನನ್ನ ಚಿಕ್ಕಪ್ಪ ರಮೇಶ. ಅಪ್ಪನ ತಮ್ಮ, ಇನ್ನೂ ಮದುವೆಯಾಗಿರಲಿಲ್ಲ. ಸೋಲೂರಿನಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸ. ಅವನ ಶರ್ಟಿಗೆ ಯಾವಾಗಲೂ ವಾರ್ನಿಷ್ ವಾಸನೆ. ಎಲ್ಲೋ ಬೆಂಗಳೂರಿನ ಕಡೆ ಬಯಲಿನಲ್ಲಿ ಜನ ರಿಮೋಟು ಹಿಡಿದು ಪುಟ್ಟ ವಿಮಾನ ಹಾರಿಸುವುದನ್ನು ನೋಡಿ ಬಂದವನಿಗೆ ಅದೇ ಗುಂಗು ಹಿಡಿಯಿತು. ಒಂದು ಭಾನುವಾರ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ಬಂದಿಳಿದ. ಅಪ್ಪ ಹಸುಗಳಿಗೆ ನೀರಿಡುತ್ತಿದ್ದವನು ಬಕೆಟ್ಟು ಅಲ್ಲೇ ಬಿಟ್ಟು ಬಂದು ನೋಡಿದ.

“ಏನ್ಲಾ ಇದು?”

“ಇಮಾನ ಕಣಣ್ಣ.”

“ಓಹೋ! ಹಾಲಿನ ಕ್ಯಾನು ಡೈರಿಗೆ ಇದ್ರಲ್ಲೇ ಕಳಿಸ್ತೀಯೇನೋ ಇನ್ಮೇಲೆ!”

ಚಿಕ್ಕಪ್ಪ ನಕ್ಕುಬಿಟ್ಟ. ಅವನಿಗೆ ಯಾರ ಕುಹಕವೂ ತಟ್ಟುತ್ತಿರಲಿಲ್ಲ. ಪೆಟ್ಟಿಗೆ ತೆರೆದ ದಿನ ಅವನು ಒಂದು ತುಂಡನ್ನೂ ಇನ್ನೊಂದಕ್ಕೆ ತಾಗಿಸಲಿಲ್ಲ. ಮೊದಲು ರಾಗಿ ಕೋಣೆಯನ್ನು ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದ. ತಾತನ ಬಿಳಿ ಪಂಚೆಯನ್ನು ಹಾಸಿ, ಅದರ ಮೇಲೆ ರೆಕ್ಕೆಯ ಎರಡು ಹೋಳು, ಮೈ, ಬಾಲ, ಚಕ್ರ, ಬೆಂಕಿಪೆಟ್ಟಿಗೆಯಷ್ಟು ದಪ್ಪದ ಸಣ್ಣ ಮೋಟಾರುಗಳು, ಎಲ್ಲವನ್ನೂ ವಿಮಾನದಲ್ಲಿ ಎಲ್ಲೆಲ್ಲಿ ಬರಬೇಕೋ ಅದೇ ಜಾಗಕ್ಕೆ ಇಟ್ಟ. ಅದು ಬಾಲ್ಸಾ ಮರವಂತೆ. ಕೈಯಲ್ಲಿಟ್ಟರೆ ಇಟ್ಟಿದ್ದೇ ತಿಳಿಯುತ್ತಿರಲಿಲ್ಲ. ಒಂದೊಂದನ್ನೂ ಗವಾಕ್ಷಿಯ ಬೆಳಕಿಗೆ ಹಿಡಿದು ಬಿರುಕಿದೆಯಾ, ಸೊಟ್ಟಗಿದೆಯಾ ಎಂದು ನೋಡಿ ನನ್ನ ಕೈಗೆ ಕೊಡುತ್ತಿದ್ದ. ನಾನೂ ನೋಡಿ ಅವನ ಕೈಗೆ ವಾಪಸು ಕೊಡಬೇಕು. ರಾಗಿ ತೆಗೆಯಲು ಕೆಮ್ಮಿಕೊಂಡು ಬಂದ ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟಳು.

“ಬಿಳೀ ಪಂಚೆ ಮ್ಯಾಲೆ ಕೈಕಾಲು ಬಿಡಿಸಿ ಮಡಗ್ದಂಗೈತಲ್ಲಪ್ಪ. ನೋಡಕ್ಕಾಗಲ್ಲ. ಬಿರ್‍ರನೆ ಜೋಡಿಸ್ಬಾರ್ದಾ?”

“ಜೋಡ್ಸೋದು ಆಮೇಲೆ ಕಣವ್ವ. ಎಲ್ಲಾ ಐತಾ, ನೆಟ್ಟಗೈತಾ, ಮೊದ್ಲು ಅದು ನೋಡ್ಬೇಕು. ಮ್ಯಾಲೆ ಹೋದ್ಮೇಲೆ ಏಣಿ ಹಾಕ್ಕಂಡು ಹೋಗಿ ರಿಪೇರಿ ಮಾಡಕ್ಕಾಗ್ತದಾ?”

ಅವನ ಹತ್ತಿರ ಎಲ್ಲಕ್ಕೂ ಒಂದು ಕಟ್ಟಳೆ ಇತ್ತು. ಬ್ಲೇಡು ಯಾವಾಗಲೂ ನಮ್ಮಿಂದ ಆಚೆಗೆ ಹೋಗಬೇಕು, ನಮ್ಮ ಕಡೆಗೆ ಬರಬಾರದು. ಅಂಟು ಹಚ್ಚುವುದು ಗಾಳಿಯಾಡುವ ಬಾಗಿಲ ಬಳಿ. ಬ್ಯಾಟರಿ ಚಾರ್ಜಿಗೆ ಇಡುವುದು ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಅದೂ ಯಾರಾದರೂ ಎದುರಿಗೆ ಕುಳಿತಿದ್ದರೆ ಮಾತ್ರ. ಎಷ್ಟೋ ಸಲ ಹಾಗೆ ಕಾಯಲು ಕುಳಿತು ನಾನು ಆ ಕಲ್ಲಿಗೇ ತೂಕಡಿಸಿದ್ದುಂಟು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಮೂತಿಗೆ ಹಾಕುವ ಫ್ಯಾನಿನದು. ಅದನ್ನು ಮನೆಯೊಳಗೆ ವಿಮಾನಕ್ಕೆ ತೊಡಿಸುವ ಹಾಗೇ ಇಲ್ಲ. ಒಳಗೆ ಏನೇ ಪರೀಕ್ಷೆ ಮಾಡಿದರೂ ಫ್ಯಾನು ಬಿಚ್ಚಿ ಗೋಡೆಯ ಗೂಡಿನಲ್ಲಿರಬೇಕು. ಯಾಕೆ ಎಂದು ನಾನು ರೇಗಿಸಿದ್ದಕ್ಕೆ ಅವನು ಒಂದು ದಿನ ವಿಮಾನದ ಮೈಯನ್ನು ಹಿತ್ತಲಿನ ಕಲ್ಲುಕಂಬಕ್ಕೆ ಕಟ್ಟಿ, ಅಲ್ಲೇ ಫ್ಯಾನು ತೊಡಿಸಿ, ನನ್ನನ್ನು ಹಿಂದಕ್ಕೆ ನಿಲ್ಲಿಸಿ ಓಡಿಸಿದ.

“ಫ್ಯಾನು ಕಾಣ್ತದಾ ಮಂಜಿ?”

ಕಾಣುತ್ತಿರಲಿಲ್ಲ. ವಿಮಾನದ ಮೂತಿಯ ಮುಂದೆ ಬರೀ ಗಾಳಿಯಿತ್ತು. ಅವನು ಉದ್ದನೆಯ ಸೌತೆಕಾಯಿಯೊಂದನ್ನು ಆ ಗಾಳಿಯೊಳಕ್ಕೆ ತಳ್ಳಿದ. ಅದರ ಚೂರುಗಳು ನನ್ನ ಲಂಗದವರೆಗೆ ಹಾರಿಬಂದವು.

“ಇದು ನಿನ್ ಬೆರಳು ಅನ್ಕೋ,” ಅಂದ. ಅವನು ನಗುತ್ತಿರಲಿಲ್ಲ.

ಇವತ್ತು ನಾನು ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ, ಮೆಷಿನ್ ಮುಟ್ಟುವ ಮೊದಲು ಏನೇನು ನೋಡಬೇಕೆಂದು ಹೇಳಿಕೊಡುತ್ತೇನೆ. ಹಿಂದಿನಿಂದ ಅವರು ನನ್ನನ್ನು ಕಿರಿಕಿರಿ ಮೇಡಂ ಅನ್ನುತ್ತಾರೆ, ನನಗೆ ಗೊತ್ತು. ಅನ್ನಲಿ ಬಿಡಿ. ಅವರು ಆ ಸೌತೆಕಾಯಿ ನೋಡಿಲ್ಲ.

ರಾಗಿ ಕೋಣೆಯಲ್ಲಿ ವಿಮಾನ ತಾನಾಗಿ ಅಲ್ಲಾಡಿದ್ದನ್ನು ನಾನು ಮೊದಲ ಸಲ ನೋಡಿದ್ದು ಚಿಕ್ಕಪ್ಪ ಬದುಕಿದ್ದಾಗಲೇ. ಬಾಲವನ್ನು ಆಡಿಸುವ ಸಣ್ಣ ಮೋಟಾರನ್ನು ಮೈಯೊಳಗೆ ಕೂರಿಸಿ, ಬ್ಯಾಟರಿ ಜೋಡಿಸಿ ಪರೀಕ್ಷೆ ಮಾಡುತ್ತಿದ್ದ. ರಿಮೋಟಿನ ಕಡ್ಡಿ ಆ ಕಡೆ ತಳ್ಳಿದರೆ ಬಾಲ ಆ ಕಡೆ, ಈ ಕಡೆ ತಳ್ಳಿದರೆ ಈ ಕಡೆ. ಅಜ್ಜಿಯೂ ಬಾಗಿಲಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದಳು. ಆಗ ಅವನು ಬೇಕೆಂದೇ ರಿಮೋಟು ಆರಿಸಿ ಪಕ್ಕಕ್ಕಿಟ್ಟ. ಕೈ ಕಟ್ಟಿ ಕುಳಿತ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಾಲ ಕಿರ್‍ರ್ ಎಂದು ಒಂದು ಕಡೆಗೆ ವಾಲಿತು. ನಿಂತಿತು. ಮತ್ತೆ ಕಿರ್‍ರ್ ಕಿರ್‍ರ್ ಎಂದು ನಡುಗಿತು. ಮುಟ್ಟಿದವರು ಯಾರೂ ಇರಲಿಲ್ಲ. ಅಜ್ಜಿಯ ಮಡಿಲಿನ ಅವರೆಕಾಯಿ ನೆಲಕ್ಕೆ ಚೆಲ್ಲಿತು.

“ಯಾರ್ಲಾ ಅದು?”

“ಯಾರೂ ಅಲ್ಲ ಕಣವ್ವ. ಗಾಳೀಲಿ ಏನೇನೋ ಅಲೀತಿರ್ತವೆ. ರೇಡಿಯೋದು, ಪಂಪ್‌ಸೆಟ್ ಸ್ಟಾರ್ಟರ್‌ದು, ಮೋಪೆಡ್ಡಿಂದು. ಯಜಮಾನ ಮಾತಾಡ್ತಾ ಇರೋ ಗಂಟ ಇದು ಯಜಮಾನನ್ ಮಾತು ಕೇಳ್ತದೆ. ಅವ್ನು ಸುಮ್ಕಾಗ್ಬುಟ್ರೆ ಯಾರ್ ಮಾತಾದ್ರೂ ಕೇಳ್ತದೆ. ಅದ್ಕೇ ಮೊದ್ಲು ರಿಮೋಟು ಆನು, ಆಮೇಲೆ ಪ್ಲೇನು. ಆರ್ಸೋವಾಗ ಮೊದ್ಲು ಪ್ಲೇನು, ಆಮೇಲೆ ರಿಮೋಟು. ಎಲ್ಲಿ, ಹೇಳು ಮಂಜಿ.”

ನಾನು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದೆ. ಅಜ್ಜಿ ಅವರೆಕಾಯಿ ಆರಿಸಿಕೊಳ್ಳದೆ ಎದ್ದು ಹೋದಳು.

ರೆಕ್ಕೆಯ ಒಂದು ಹೋಳಿಗೆ ಚಿಕ್ಕಪ್ಪ ಅಂಟು ಹಾಕಿ ಮುಗಿಸಿದ್ದ, ಅಷ್ಟೇ. ಅವನಿಗೆ ಎಂಥದೋ ಜ್ವರ ಬಂತು. ಸೋಲೂರಿನ ಡಾಕ್ಟರು ನೆಲಮಂಗಲಕ್ಕೆ ಅಂದರು, ನೆಲಮಂಗಲದವರು ಬೆಂಗಳೂರಿಗೆ ಅಂದರು. ಹೋಗುವಾಗ ಅಪ್ಪನ ಹೆಗಲ ಮೇಲೆ ಕೈ ಹಾಕಿ ತಾನೇ ನಡೆದು ಕಾರು ಹತ್ತಿದವನನ್ನು ವಾಪಸು ಬರುವಾಗ ಮಲಗಿಸಿಕೊಂಡು ಬಂದರು. ಹೊರಗೆ ಸತ್ತವರನ್ನು ನಮ್ಮ ಕಡೆ ಮನೆಯೊಳಗೆ ತರುವುದಿಲ್ಲ. ಹೆಣವನ್ನು ಅಂಗಳದಲ್ಲಿ, ತೆಂಗಿನಗರಿಯ ಚಪ್ಪರದ ಕೆಳಗೆ ಮಲಗಿಸಿ, ಅಲ್ಲಿಂದಲೇ ನಮ್ಮ ಹೊಲಕ್ಕೆ ಎತ್ತಿಕೊಂಡು ಹೋದರು. ಅಜ್ಜಿ ಊರ ಯಜಮಾನರ ಕಾಲು ಹಿಡಿದು ಬೇಡಿಕೊಂಡಳು. ಒಂದೇ ಒಂದು ಸಲ ಅವನ ಕೋಣೆಗೆ ತಂದು ಮಲಗಿಸಿ ಎತ್ತಿಕೊಳ್ಳಿ ಅಂದಳು. ಯಾರೂ ಒಪ್ಪಲಿಲ್ಲ. ಅದೊಂದು ಮಾತು ಅಜ್ಜಿಯ ಎದೆಯಲ್ಲಿ ಮುಳ್ಳಿನಂತೆ ಕುಳಿತುಬಿಟ್ಟಿತು. ಮಗ ಸತ್ತ ಎನ್ನುವುದಕ್ಕಿಂತ, ಮಗ ಹೊಸ್ತಿಲು ದಾಟಿ ಒಳಗೆ ಬರಲೇ ಇಲ್ಲ ಎಂದು ಅಳುತ್ತಿದ್ದಳು.

ತಿಥಿಯ ದಿನ ಹೊಲದಲ್ಲಿ ಎಡೆಯಿಟ್ಟು ಎಲ್ಲರೂ ದೂರ ನಿಂತರು. ಕಾಗೆಗಳು ಬಂದು ಹೊಂಗೆಮರದ ಮೇಲೆ ಸಾಲಾಗಿ ಕುಳಿತವು, ಕೆಳಗಿಳಿಯಲಿಲ್ಲ. ಕಾದೂ ಕಾದೂ ಕೊನೆಗೆ ಅದನ್ನು ಹಸುವಿಗೆ ಹಾಕಿ ಬಂದರು. ಆ ಸಂಜೆ ಅಜ್ಜಿ ರಾಗಿ ಕೋಣೆಯ ಬಾಗಿಲಿಗೆ ಒರಗಿ, ಪಂಚೆಯ ಮೇಲೆ ಹಾಗೇ ಇದ್ದ ವಿಮಾನದ ತುಂಡುಗಳನ್ನು ನೋಡುತ್ತಾ ಕುಳಿತಳು.

“ಆಸೆ ಮಡಿಕ್ಕಂಡು ಹೋಗವ್ನೆ ನನ್ ಮಗ. ಅದ್ಕೇ ಮುಟ್ನಿಲ್ಲ. ಇದ ಪೂರ್ತಿ ಮಾಡಿ ಪಕ್ಸದ ಹಬ್ಬುಕ್ಕೆ ಎಡೆಗೆ ಮಡಗ್ರೋ. ಆಗಾದ್ರೂ ಒಳೀಕ್ ಬತ್ತನೆ.”

ಪಕ್ಷದ ಹಬ್ಬ ಎಂದರೆ ಮನೆಯ ಸತ್ತವರಿಗೆಲ್ಲ ಊಟ ಬಡಿಸುವ ಹಬ್ಬ. ಅಪ್ಪ ಮರುದಿನ ಹಾಲು ಕರೆದು ಮುಗಿಸಿ, ಕೈ ತೊಳೆದುಕೊಂಡು ಬಂದು ಪಂಚೆಯ ಮುಂದೆ ಕುಳಿತ. ವಿಮಾನ ಎಂದರೆ ಗೇಲಿ ಮಾಡುತ್ತಿದ್ದ ಮನುಷ್ಯ! ಪೆಟ್ಟಿಗೆಯೊಳಗಿನ ನಕ್ಷೆಯನ್ನು ಬಿಡಿಸಿಟ್ಟುಕೊಂಡರೂ ಅವನಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಚಿಕ್ಕಪ್ಪನ ಪಕ್ಕ ಕುಳಿತು ನೋಡಿದ್ದವಳು ನಾನೊಬ್ಬಳೇ. ಹಾಗಾಗಿ ನಾನು ಹೇಳುವುದು, ಅಪ್ಪ ಮಾಡುವುದು ಎಂದಾಯಿತು. ನಾನು ಎಳೆದು ನೋಡು ಅಂದರೆ ಬಾಲದ ಕೀಲನ್ನು ಎಳೆದು ನೋಡಬೇಕು. ರಿಮೋಟಿನ ಮಾತು ಕೇಳಿಸಿಕೊಳ್ಳುವ ರಿಸೀವರನ್ನು ಸ್ಪಂಜಿನಲ್ಲಿ ಸುತ್ತು, ಅದರ ಉದ್ದ ವೈರನ್ನು ಕತ್ತರಿಸಬೇಡ, ಗಂಟು ಹಾಕಬೇಡ, ಬಾಲದವರೆಗೂ ನೆಟ್ಟಗೆ ಬಿಡು. ಅಪ್ಪನಿಗೆ ರೇಗುತ್ತಿತ್ತು.

“ಏಯ್, ನಿನ್ ಚಿಕ್ಕಪ್ಪನಿಗಿಂತ ನಿಂದೇ ಜಾಸ್ತಿ ಆಯ್ತು ಕಣೇ!”

ಹಾಗೆಂದು ಹೇಳಿ ನಾನು ಹೇಳಿದಂತೆಯೇ ಮಾಡುತ್ತಿದ್ದ. ಚಿಕ್ಕಪ್ಪ ಅಂಟು ಹಾಕಿದ್ದ ರೆಕ್ಕೆಯನ್ನು ಎತ್ತಿಕೊಂಡ ದಿನ ಅದರ ಅಡಿಯಲ್ಲಿ, ಒಣಗಿದ ಅಂಟಿನಲ್ಲಿ, ಒಂದು ಹೆಬ್ಬೆರಳಿನ ಗುರುತು ಅಚ್ಚಾಗಿತ್ತು. ಗೆರೆಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಅಪ್ಪ ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ನೋಡಿದ. ಅಂಟು ಇನ್ನೂ ಒಸಿ ಜಿಗುಟಾಗಿದೆ ಅಂದ. ಇಷ್ಟು ದಿನವಾದ ಮೇಲೆ ಅದು ಹೇಗೆ ಜಿಗುಟಾಗಿರಲು ಸಾಧ್ಯ ಎಂದು ನಾನು ಮುಟ್ಟಿ ನೋಡಲಿಲ್ಲ. ಮುಟ್ಟುವ ಧೈರ್ಯವಿರಲಿಲ್ಲ.

ಎಡೆಯ ದಿನ ಕನಕಪುರದಿಂದ ಅತ್ತೆ ಬಂದಳು. ಅವಳು ಅಪ್ಪನಿಗೂ ಚಿಕ್ಕಪ್ಪನಿಗೂ ಒಬ್ಬಳೇ ತಂಗಿ. ಬೆಳಗಿನಿಂದ ಅಮ್ಮ ಮತ್ತು ಅತ್ತೆ ಸೇರಿ ಕಜ್ಜಾಯ, ವಡೆ, ನಾಟಿ ಕೋಳಿ ಸಾರು, ಮುದ್ದೆ, ಅನ್ನ ಎಲ್ಲ ಮಾಡಿದರು. ಸಂಜೆ ರಾಗಿ ಕೋಣೆಯಲ್ಲಿ ಮೂಟೆಗಳನ್ನು ಸರಿಸಿ, ಚಿಕ್ಕಪ್ಪನ ಫೋಟೋ ಇಟ್ಟು, ಮುಂದೆ ಬಾಳೆ ಎಲೆ ಹಾಕಿದರು. ಪಕ್ಕದಲ್ಲಿ ಅವನಿಗೆಂದು ತಂದ ಹೊಸ ಶರ್ಟು. ಸತ್ತವರಿಗೆ ಏನೇ ಇಟ್ಟರೂ ಬಿಚ್ಚಿಡಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಎಲೆಅಡಿಕೆ ಇಟ್ಟರೆ ಸುಣ್ಣ ಹಚ್ಚಿಯೇ ಇಡಬೇಕು, ಸೋಡಾ ಇಟ್ಟರೆ ಮುಚ್ಚಳ ತೆಗೆದು, ಶರ್ಟು ಇಟ್ಟರೆ ಗುಂಡಿ ಬಿಚ್ಚಿ. ಅವರಿಗೆ ಕೈ ಇರುವುದಿಲ್ಲ, ನಾವೇ ಎಲ್ಲ ಸಿದ್ಧ ಮಾಡಿಕೊಡಬೇಕು. ಅಪ್ಪ ವಿಮಾನವನ್ನು ತಂದು ಎಲೆಯ ಪಕ್ಕ ಇಟ್ಟ. ಅಜ್ಜಿ ಅದನ್ನು ಸುತ್ತಲೂ ನೋಡಿದಳು.

“ಮೂತಿಗೆ ಏನೋ ಇತ್ತಲ್ಲ, ತಿರುಗೋದು. ಅದೆಲ್ಲಿ?”

“ಫ್ಯಾನು ಗೂಡಲ್ಲೈತೆ ಅಜ್ಜಿ. ಮನೆಯೊಳಗೆ ಹಾಕ್ಬಾರ್ದು,” ಅಂದೆ.

“ಅರೆಬರೆ ಸಾಮಾನು ಎಡೆಗೆ ಮಡಗ್ತಾರೇನೇ? ಕಣ್ಣಿಲ್ದೆ ಇರೋ ಬಸವನ್ನ ದೇವರ್ಗೆ ಬುಟ್ಟಂಗೆ!”

“ಅಜ್ಜಿ, ಚಿಕ್ಕಪ್ಪನೇ ಹೇಳಿರೋದು…”

“ನಿನ್ ಚಿಕ್ಕಪ್ಪುಂಗೆ ಈಗ ಕೈ ಇಲ್ಲ ಕಣವ್ವ. ಅವ್ನು ಬಂದು ಗೂಡು ತಡಕಾಡ್ಬೇಕಾ?”

ನಾನು ಅಪ್ಪನ ಮುಖ ನೋಡಿದೆ, ಅಪ್ಪ ಅಜ್ಜಿಯ ಮುಖ ನೋಡಿದ. ಆಮೇಲೆ ಗೂಡಿನಿಂದ ಫ್ಯಾನು ತಂದು ತೊಡಿಸಿ ನಟ್ಟು ಬಿಗಿ ಮಾಡಿದ. ಬ್ಯಾಟರಿಯನ್ನಾದರೂ ಜೋಡಿಸಬೇಡ ಅಂದೆ. ಅದೂ ಬಿಚ್ಚಿದ ಸೋಡಾದ ಲೆಕ್ಕಕ್ಕೇ ಬಂತು. ಕೊನೆಗೆ ಅಪ್ಪ ಹೊಂದಾಣಿಕೆ ಮಾಡುವವನ ಹಾಗೆ, ಮೊದಲು ರಿಮೋಟು ಆನ್ ಮಾಡಿ, ಆಮೇಲೆ ವಿಮಾನದ ಬ್ಯಾಟರಿ ಜೋಡಿಸಿದ.

“ರಿಮೋಟು ಆನಾಗಿದ್ರೆ ಏನೂ ಆಗಲ್ಲ ಅಂತ ನೀನೇ ಅಲ್ವೇನೇ ಹೇಳ್ಕೊಟ್ಟಿದ್ದು? ಸರಿಯಾಗಿ ಮಾಡಿವ್ನಿ ನೋಡು.”

ಸರಿಯಾಗಿಯೇ ಮಾಡಿದ್ದ. ರಿಮೋಟಿನ ಕೆಂಪು ದೀಪ ಉರಿಯುತ್ತಿತ್ತು, ವಿಮಾನ ಅಲ್ಲಾಡದೆ ಕುಳಿತಿತ್ತು. ನಾನು ಇನ್ನು ಏನು ಹೇಳಲಿ? ಧೂಪ ಹಾಕಿ, ಕಾಯಿ ಒಡೆದು, ಎಲ್ಲರೂ ಅಡ್ಡಬಿದ್ದು ಹೊರಗೆ ಬಂದೆವು. ಕೊನೆಗೆ ಬಂದ ಅತ್ತೆ ಒಳಗಿನ ಬಲ್ಬು ಆರಿಸಿ, ಬಾಗಿಲು ಎಳೆದು ಚಿಲಕ ಹಾಕಿದಳು. ಎಡೆಯ ಹೊತ್ತಿನಲ್ಲಿ ಒಳಗೆ ಎಣ್ಣೆಯ ದೀಪವೊಂದು ಬಿಟ್ಟರೆ ಬೇರೆ ಬೆಳಕಿರಬಾರದು. ಸತ್ತವರು ಬಂದು ಉಂಡು ಹೋಗುವವರೆಗೆ ನಾವು ಬಾಗಿಲಾಚೆ ಬಾಯಿ ಮುಚ್ಚಿಕೊಂಡು ಕುಳಿತಿರಬೇಕು. ಆಮೇಲೆ ಕೆಮ್ಮಿ, ಚಪ್ಪಾಳೆ ತಟ್ಟಿ ತೆಗೆಯುವುದು.

ಹೊರಗೆ ಹಸು ಮೆಲುಕು ಹಾಕುವ ಸದ್ದು, ಒಲೆಯಲ್ಲಿ ಕೆಂಡ ಕುಸಿಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಜ್ಜಿ ಬಾಗಿಲಿಗೆ ಎದುರಾಗಿ ಕಣ್ಣು ಮುಚ್ಚಿ ಕುಳಿತಿದ್ದಳು. ನಾನು ಬಾಗಿಲ ಸಂದಿಯನ್ನು ನೋಡುತ್ತಿದ್ದೆ. ಅಲ್ಲಿ ದೀಪದ ಹಳದಿ ಗೆರೆಯಿತ್ತು. ಆಗ ಒಳಗೆ ಕಿರ್‍ರ್ ಅಂದಿತು.

ಆ ಸದ್ದು ನನಗೆ ಗೊತ್ತು. ಮತ್ತೆ ಕಿರ್‍ರ್, ಕಿರ್‍ರ್. ಬಾಲ ಆಡುತ್ತಿದೆ. ಅತ್ತೆ ನನ್ನ ತೋಳು ಹಿಡಿದುಕೊಂಡಳು. ಅಜ್ಜಿ ಕಣ್ಣು ತೆರೆದಳು.

“ಬಂದ,” ಅಂದಳು.

ಒಳಗೆ ನೀರಿನ ಲೋಟ ಉರುಳಿತು. ಹಿಂದೆಯೇ ಗುರ್‍ರ್ ಎಂದು ಮೋಟಾರು ಎದ್ದಿತು. ಬಾಗಿಲ ಸಂದಿಯ ಹಳದಿ ಗೆರೆ ಪಟಪಟನೆ ನಡುಗಿತು. ಮಂಡಿನೋವೆಂದು ಗೋಡೆ ಹಿಡಿಯದೆ ಏಳಲಾರದ ಅಜ್ಜಿ ಒಂದೇ ಸಲಕ್ಕೆ ಎದ್ದು ನಿಂತಿದ್ದಳು.

“ನನ್ ಮಗ ಒಳೀಕ್ ಬಂದವ್ನೆ! ಹೊಸ್ಲು ದಾಟವ್ನೆ! ಬುಡ್ರೋ, ಒಂದ್ಸಲ ನೋಡ್ತೀನಿ, ಒಂದ್ಸಲ ಮುಟ್ತೀನಿ!”

“ಅವ್ವ, ಉಣ್ಣೋವಾಗ ತೆಗೀಬಾರ್ದು…” ಎಂದ ಅಪ್ಪ. ಅವನು ಕುಳಿತಲ್ಲಿಂದ ಏಳಲಿಲ್ಲ. ಅಜ್ಜಿಯ ಕೈ ಚಿಲಕದ ಮೇಲಿತ್ತು. ಒಳಗೆ ಹೋದರೆ ಏನಾಗುತ್ತದೆಂದು ನನಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಆ ಮಂದ ಬೆಳಕಿನಲ್ಲಿ ಫ್ಯಾನು ಕಾಣುವುದಿಲ್ಲ. ಅಜ್ಜಿ ಎರಡೂ ಕೈ ಚಾಚಿಕೊಂಡು ನೇರವಾಗಿ ಅದರೊಳಕ್ಕೇ ಹೋಗುತ್ತಾಳೆ. ನಾನು ಅವಳ ಸೆರಗು ಹಿಡಿದು ಜೋತುಬಿದ್ದೆ.

“ಅಜ್ಜಿ, ಹೋಗ್ಬೇಡ! ಅದು ಚಿಕ್ಕಪ್ಪ ಅಲ್ಲ!”

“ಬುಡೇ!”

“ಚಿಕ್ಕಪ್ಪ ಆಗಿದ್ರೆ ಮೊದ್ಲು ಫ್ಯಾನು ಬಿಚ್ತಿದ್ದ ಅಜ್ಜಿ. ಬಿಚ್ದೆ ಮನೆಯೊಳಗೆ ಯಾವತ್ತೂ ಓಡಿಸ್ತಿರ್ಲಿಲ್ಲ. ಅದು ಅವ್ನಲ್ಲ!”

ನಾನು ಹೇಳಲು ಹೊರಟಿದ್ದು ರಿಮೋಟು ಹೇಗೋ ಆರಿಹೋಗಿದೆ, ಗಾಳಿಯಲ್ಲಿನ ಹಾಳುಮೂಳು ಸದ್ದಿಗೆ ಅದು ಓಡುತ್ತಿದೆ ಎಂದು. ಆದರೆ ಬಾಯಿಂದ ಬಂದದ್ದು ಇದು. ಅದು ಅವ್ನಲ್ಲ ಎಂದು ನಾನು ಅನ್ನುವುದಕ್ಕೂ, ಒಳಗೆ ಮೋಟಾರು ಗಕ್ಕನೆ ನಿಲ್ಲುವುದಕ್ಕೂ ಸರಿಹೋಯಿತು.

ಒಳಗಿನಿಂದ ಏನೂ ಇಲ್ಲ. ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿರುವ ಮೌನ ಒಂದಿರುತ್ತದಲ್ಲ, ಅಂಥದ್ದು. ಅಪ್ಪ ನನ್ನ ಕಡೆ ತಿರುಗಿ, ನನಗೇ ಗೊತ್ತಿರುವ ವಿಷಯವೇನೋ ಎಂಬಂತೆ, ಸಣ್ಣ ದನಿಯಲ್ಲಿ ಕೇಳಿದ.

“ಹಂಗಾದ್ರೆ ಯಾರವ್ವ ಅದು?”

ಅಜ್ಜಿ ಚಿಲಕದಿಂದ ಕೈ ತೆಗೆದಳು. ಅವಳು ನನ್ನನ್ನು ಬಯ್ಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತನ್ನ ಹೊಟ್ಟೆಯಲ್ಲಿ ಹುಟ್ಟಿದವನು ಎಂಥವನು ಎಂದು ಅವಳಿಗಿಂತ ಬಲ್ಲವರು ಯಾರು? ಈಳಿಗೆಮಣೆಯನ್ನು ಕೂಡ ಮೂತಿ ಮಡಿಸದೆ ಬಿಟ್ಟವನಲ್ಲ ಅವನು. ಅವಳು ನನ್ನ ಮಾತನ್ನು ಪೂರ್ತಿಯಾಗಿ ನಂಬಿದಳು. ಅವಳ ಮುಖದಲ್ಲಿ ಆಗತಾನೇ ಹತ್ತಿದ್ದ ಬೆಳಕು ಆರುವುದನ್ನು ನಾನು ಹತ್ತಿರದಿಂದ ನೋಡಿದೆ.

“ಹೂಂ. ಅವ್ನು ಅಂಗ್ ಮಾಡೋನಲ್ಲ,” ಅಂದಳು.

ಅಪ್ಪ ಎದ್ದು ಚಿಲಕಕ್ಕೆ ಕೈ ಹಾಕಿದ. ಅಜ್ಜಿ ಆ ಕೈ ಹಿಡಿದು ಕೆಳಗಿಳಿಸಿದಳು.

“ತಾಳ್ಲಾ. ಉಣ್ಲಿ.”

“ಯಾರು ಉಣ್ಲಿ ಅವ್ವ?”

ಅವಳು ಗೋಡೆ ಹಿಡಿದು ನಿಧಾನವಾಗಿ ಮತ್ತೆ ಬಾಗಿಲಿಗೆ ಎದುರಾಗಿ ಕುಳಿತಳು. ಮಧ್ಯಾಹ್ನದ ಹೊತ್ತು ದಾರಿಹೋಕರು ಯಾರಾದರೂ ನೀರು ಕೇಳಿಕೊಂಡು ಬಂದರೆ ಮಾತಾಡಿಸುತ್ತಿದ್ದಳಲ್ಲ, ಅದೇ ದನಿಯಲ್ಲಿ ಮುಚ್ಚಿದ ಬಾಗಿಲಿಗೆ ಹೇಳಿದಳು.

“ಯಾರಾದ್ರೂ ಆಗಪ್ಪ. ಬಂದಿದ್ದೀಯ, ಉಂಡು ಹೋಗು. ಎದ್ರುಕಬ್ಯಾಡ.”

ಎಷ್ಟು ಹೊತ್ತು ಕುಳಿತೆವೋ ತಿಳಿಯದು. ಕೊನೆಗೆ ಅಜ್ಜಿಯೇ ಕೆಮ್ಮಿ, ಚಪ್ಪಾಳೆ ತಟ್ಟಿ, ತೆಗೀರಿ ಅಂದಳು. ಅಪ್ಪ ಟಾರ್ಚು ಹಿಡಿದು ಬಾಗಿಲು ತಳ್ಳಿದ. ವಿಮಾನ ಇಟ್ಟಲ್ಲಿ ಇರಲಿಲ್ಲ. ಬಾಳೆ ಎಲೆಯನ್ನು ಸೀಳಿಕೊಂಡು, ಅನ್ನ ಸಾರನ್ನು ಗೋಡೆಗೂ ಮೂಟೆಗಳಿಗೂ ಎರಚಿ, ಫೋಟೋದ ಕಡೆಗೆ ತಿರುಗಿ ನಿಂತಿತ್ತು. ಹೊಸ ಶರ್ಟು ಅದರ ಮೈಮೇಲೆ ಹೊದ್ದಂತೆ ಬಿದ್ದಿತ್ತು. ಒಂದು ತೋಳು ಫ್ಯಾನಿಗೆ ಸಿಕ್ಕಿ, ಹಗ್ಗ ಹೊಸೆದ ಹಾಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಮೋಟಾರು ನಿಂತದ್ದು ಅದಕ್ಕೇ. ನಾನು ಕೂಗಿ ಹೇಳಿದೆ, ಅಪ್ಪ ಬ್ಯಾಟರಿಯ ವೈರು ಕಿತ್ತ. ರಿಮೋಟಿನ ಕೆಂಪು ದೀಪ ಆರಿತ್ತು. ಬಲ್ಬು ಆರಿಸುವಾಗ ಆ ಕೆಂಪು ದೀಪವೂ ಕಣ್ಣಿಗೆ ಬಿತ್ತು, ಎಡೆಯ ಹತ್ತಿರ ಕರೆಂಟಿನ ಬೆಳಕು ಯಾಕೆ ಅಂತ ಅದನ್ನೂ ಆರಿಸಿದೆ ಎಂದು ಅತ್ತೆ ಅಳುತ್ತಾ ಹೇಳಿದಳು. ಅವಳದ್ದೇನು ತಪ್ಪು? ಪದ್ಧತಿ ಇದ್ದದ್ದೇ ಹಾಗೆ.

ಮರುದಿನ ನಾನು ಅಜ್ಜಿಯನ್ನು ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದೆ. ರಿಮೋಟು ಆರಿತು, ಯಜಮಾನನ ಮಾತು ನಿಂತಿತು, ಗಾಳಿಯಲ್ಲಿ ಅಲೆಯುತ್ತಿದ್ದ ಯಾವುದೋ ಒಂದು ಬಂದು ಅದನ್ನು ಓಡಿಸಿತು, ಅಷ್ಟೇ, ದೆವ್ವ ಭೂತ ಏನೂ ಅಲ್ಲ ಅಂದೆ. ಅಜ್ಜಿ ತಾಳ್ಮೆಯಿಂದ ಕೇಳಿಸಿಕೊಂಡು ನನ್ನ ತಲೆ ಸವರಿದಳು.

“ನಾನೂ ಅದ್ನೇ ಅಲ್ವೇನವ್ವ ಹೇಳ್ತಾ ಇರೋದು? ಅಲೀತಿದ್ದಿದ್ದು ಯಾವ್ದೋ ಬಂತು.”

ಇಷ್ಟು ವರ್ಷ ಮೆಷಿನ್‌ಗಳ ನಡುವೆ ದುಡಿದ ಮೇಲೂ ಅವಳ ಮಾತಿಗೂ ನನ್ನ ಮಾತಿಗೂ ಏನು ವ್ಯತ್ಯಾಸ ಎಂದು ನನಗೆ ಸರಿಯಾಗಿ ಹೇಳಲು ಬಂದಿಲ್ಲ. ವಿಮಾನವನ್ನು ಅಪ್ಪ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದ. ಅದು ಒಂದು ದಿನವೂ ಹಾರಲಿಲ್ಲ. ಅಜ್ಜಿ ಆಮೇಲೆ ಮಗನ ವಿಷಯ ಹೆಚ್ಚು ಮಾತಾಡುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಸುಮ್ಮನೆ ಬಾಗಿಲ ಕಡೆ ನೋಡುತ್ತಿದ್ದಳು.

ಮುಂದಿನ ವರ್ಷದ ಪಕ್ಷದ ಹಬ್ಬಕ್ಕೆ ರಾಗಿ ಕೋಣೆಯಲ್ಲಿ ಎಡೆ ಹಾಕುವಾಗ ಅಜ್ಜಿ ಎರಡು ಎಲೆ ಹಾಸಿದಳು. ಒಂದು ಚಿಕ್ಕಪ್ಪನ ಫೋಟೋದ ಮುಂದೆ. ಇನ್ನೊಂದು ಒಸಿ ದೂರದಲ್ಲಿ, ಬರಿಗೋಡೆಯ ಮುಂದೆ. ಎರಡಕ್ಕೂ ಒಂದೇ ಸಮ ಬಡಿಸಿದಳು. ಕಜ್ಜಾಯ ಕಡಿಮೆ ಬಿದ್ದಾಗ ಫೋಟೋದ ಮುಂದಿನ ಎಲೆಯಿಂದ ಒಂದನ್ನು ಎತ್ತಿ ಆ ಎಲೆಗೆ ಹಾಕಿದಳು. ಅತ್ತೆಗೆ ತಡೆಯಲಾಗಲಿಲ್ಲ.

“ಇದ್ಯಾರ್ಗವ್ವ?”

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡಳು.

“ಅದು ನನ್ ಮಗುಂಗೆ, ಬಂದ್ರೆ. ಇದು, ಹೋದೊರ್ಸ ಬಂದಿತ್ತಲ್ಲ, ಅದ್ಕೆ.”